ಗೋಡೆ ತೆಗೆದರೆ ಅದರ ಮೇಲಿನ ಭಾರ ಎಲ್ಲಿಗೆ ಹೋಗುತ್ತೆ?

ಓದುಗರ ಪ್ರಶ್ನೆ, ಎಂಜಿನಿಯರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಮನೆ ಒಳಗಿನ ಗೋಡೆ ತೆಗೆದು ಜಾಗ ದೊಡ್ಡದು ಮಾಡಿಕೊಳ್ಳಬಹುದಾ ಅಂತ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಪೂರ್ತಿ ಜಾಗ ಕೊಟ್ಟಿದ್ದೇನೆ. ಕೆಲವರು ಕೆಲಸ ಶುರು ಮಾಡುವ ಹಂತದಲ್ಲಿದ್ದೀರಿ. ದಯವಿಟ್ಟು ಓದಿ ಮುಗಿಸುವವರೆಗೆ ಸುತ್ತಿಗೆ ಎತ್ತಬೇಡಿ.

ಪ್ರಶ್ನೆ: ಸರ್, ನಮ್ಮದು ಇಟ್ಟಿಗೆ ಗೋಡೆಯ ಹಳೇ ಮನೆ. ಪಿಲ್ಲರ್ ಇಲ್ಲ. ಮೇಲೆ ಇನ್ನೊಂದು ಮಹಡಿ ಇದೆ. ಹಾಲ್ ಮತ್ತು ಅಡುಗೆಮನೆ ನಡುವಿನ 9 ಇಂಚಿನ ಗೋಡೆಯಲ್ಲಿ 10 ಅಡಿ ತೆಗೆದು ಎರಡನ್ನೂ ಒಂದು ಮಾಡಬೇಕು ಅಂತಿದ್ದೀವಿ. ಮೇಸ್ತ್ರಿ "ಒಂದು ಕಬ್ಬಿಣದ ಬೀಮ್ ಕೊಟ್ರೆ ಸಾಕು, ಎಂಜಿನಿಯರ್ ಯಾಕೆ" ಅಂತಾರೆ. ಸರಿನಾ?

ಉತ್ತರ: ಬೀಮ್ ಬೇಕು ಅನ್ನುವಷ್ಟು ಸರಿ. ಆದರೆ ಎಷ್ಟು ದೊಡ್ಡ ಬೀಮ್, ಅದರ ಎರಡು ತುದಿ ಯಾವುದರ ಮೇಲೆ ಕೂರುತ್ತವೆ, ಆ ತುದಿಗಳ ಕೆಳಗಿನ ಪಾಯ ತಡೆಯುತ್ತಾ, ಇದನ್ನೆಲ್ಲ ಲೆಕ್ಕ ಹಾಕದೆ ಹೇಳಲು ಯಾರಿಂದಲೂ ಆಗುವುದಿಲ್ಲ. ನಿಮ್ಮ ಮೇಸ್ತ್ರಿಗೆ ಅನುಭವ ಇರಬಹುದು, ಕೈಕೆಲಸ ಚೆನ್ನಾಗಿರಬಹುದು. ಆದರೆ ಎಷ್ಟು ಟನ್ ಭಾರ ಅಂತ ಕಣ್ಣಿಗೆ ಕಾಣುವುದಿಲ್ಲವಲ್ಲ.

ಪಿಲ್ಲರ್ ಇಲ್ಲದ ಮನೆಯಲ್ಲಿ ಸ್ಲ್ಯಾಬ್ ಗೋಡೆಗಳ ಮೇಲೇ ಕೂತಿರುತ್ತದೆ. ಹಾಗಾಗಿ ನಿಮ್ಮ ಗೋಡೆ ಭಾರ ಹೊರುತ್ತಿದೆ ಎಂದೇ ಹಿಡಿದು ಮುಂದುವರಿಯಬೇಕು. ಲೆಕ್ಕ ಹೇಗೆ ಹೋಗುತ್ತದೆ ಅಂತ ತೋರಿಸುತ್ತೇನೆ, ನೀವೇ ನೋಡಿ. ಗೋಡೆಯ ಎರಡೂ ಕಡೆಯ ಕೋಣೆ 3.5 ಮೀಟರ್ ಅಗಲ ಅಂದುಕೊಳ್ಳಿ. ಎರಡೂ ಕೋಣೆಗಳ ಅರ್ಧರ್ಧ ಸ್ಲ್ಯಾಬಿನ ಭಾರ, ಅಂದರೆ ಒಟ್ಟು 3.5 ಮೀಟರ್ ಪಟ್ಟಿಯದು, ಈ ಗೋಡೆಗೆ ಬರುತ್ತದೆ. 5 ಇಂಚು ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 310 ಕೆಜಿ ತೂಗುತ್ತದೆ. ನೆಲದ ಗಾರೆ, ಟೈಲ್ಸ್ 100 ಕೆಜಿ. ಜನ, ಸಾಮಾನು ಅಂತ ವಾಸದ ಮನೆಗೆ ಸಾಮಾನ್ಯವಾಗಿ ಹಿಡಿಯುವುದು 200 ಕೆಜಿ. ಅಲ್ಲಿಗೆ 610 ಆಯಿತು. ಅದನ್ನು 3.5ರಿಂದ ಗುಣಿಸಿದರೆ ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ 2,100 ಕೆಜಿ ದಾಟುತ್ತದೆ. ಮೇಲಿನ ಮಹಡಿಯಲ್ಲಿ ಅದೇ ಸಾಲಿನಲ್ಲಿ 3 ಮೀಟರ್ ಎತ್ತರದ ಗೋಡೆ ಇದ್ದರೆ ಅದೊಂದೇ ಮೀಟರಿಗೆ 1,400 ಕೆಜಿ. ತಾರಸಿಯಿಂದ ಮತ್ತೆ 2,000 ಕೆಜಿ ಮೇಲೆ. ಎಲ್ಲ ಕೂಡಿದರೆ ಮೀಟರಿಗೆ ಐದೂವರೆ ಟನ್ನಿಗಿಂತ ಜಾಸ್ತಿ. ನೀವು ತೆಗೆಯಬೇಕು ಅಂತಿರುವ 10 ಅಡಿಗೆ ಸುಮಾರು 17 ಟನ್!

ಗೋಡೆ ಇದ್ದಾಗ ಈ 17 ಟನ್ ಉದ್ದಕ್ಕೂ ಹರಡಿಕೊಂಡು ಪಾಯಕ್ಕೆ ಇಳಿಯುತ್ತಿತ್ತು. ಗೋಡೆ ತೆಗೆದ ಮೇಲೂ ಆ ಭಾರ ಅಲ್ಲೇ ಇರುತ್ತದೆ, ಹೋಗುವ ದಾರಿ ಮಾತ್ರ ಬದಲಾಗುತ್ತದೆ. ಬೀಮ್ ಅದನ್ನು ಹಿಡಿದು ಎರಡು ತುದಿಗಳಿಗೆ ತಲಾ ಎಂಟೂವರೆ ಟನ್ ಕೊಡುತ್ತದೆ. ಎಲ್ಲರೂ ಬೀಮಿನ ಬಗ್ಗೆಯೇ ಮಾತಾಡುತ್ತಾರೆ, ನನಗೆ ಹೆಚ್ಚು ಭಯ ಈ ತುದಿಗಳದ್ದು. ಬೀಮನ್ನು 9 ಇಂಚಿನ ಗೋಡೆಯೊಳಗೆ 8 ಇಂಚು ತೂರಿಸಿ ನೇರ ಇಟ್ಟಿಗೆ ಮೇಲೆ ಕೂರಿಸಿದರೆ ಚದರ ಸೆಂಟಿಮೀಟರಿಗೆ 18 ಕೆಜಿ ಒತ್ತಡ ಬೀಳುತ್ತದೆ. ಸಾಮಾನ್ಯ ಇಟ್ಟಿಗೆ ಗೋಡೆಗೆ ಸುರಕ್ಷಿತ ಅಂತ ಹಿಡಿಯುವುದು 10 ಕೆಜಿಯ ಆಸುಪಾಸು, ಗಾರೆ ಹಳೆಯದಾಗಿ ಪುಡಿ ಉದುರುತ್ತಿದ್ದರೆ ಇನ್ನೂ ಕಡಿಮೆ. ಅಷ್ಟೇ ಅಲ್ಲ, ಕಬ್ಬಿಣದ ಬೀಮಿನ ಅಡಿಪಟ್ಟಿ ಗೋಡೆಯಷ್ಟು ಅಗಲ ಇರುವುದಿಲ್ಲ, ಹಾಗಾಗಿ ನಿಜವಾದ ಒತ್ತಡ ಈ ಲೆಕ್ಕಕ್ಕಿಂತಲೂ ಜಾಸ್ತಿ. ಇಟ್ಟಿಗೆ ನಜ್ಜುಗುಜ್ಜಾಗುವುದು ಇಲ್ಲೇ. ಅದಕ್ಕೇ ಬೀಮಿನ ತುದಿಯ ಕೆಳಗೆ ಕಾಂಕ್ರೀಟ್ ದಿಂಡು ಇಡುತ್ತಾರೆ. 18 ಇಂಚು ಉದ್ದದ ದಿಂಡು ಕೊಟ್ಟರೆ ಅದೇ ಭಾರ ಹರಡಿಕೊಂಡು 8 ಕೆಜಿಗೆ ಇಳಿಯುತ್ತದೆ.

ಆಮೇಲೆ ಪಾಯ. ಉದ್ದಕ್ಕೂ ಸಮನಾಗಿ ಹೊರುತ್ತಿದ್ದ ಪಾಯದ ಮೇಲೆ ಈಗ ಎರಡು ಕಡೆ ಮಾತ್ರ ಭಾರ ಬೀಳುತ್ತದೆ. ಗಟ್ಟಿ ನೆಲ, ಅಗಲವಾದ ಪಾಯ ಇದ್ದರೆ ತಡೆಯಬಹುದು. ಅದನ್ನು ತಿಳಿಯಲು ತುದಿ ಬರುವ ಜಾಗದಲ್ಲಿ ಒಂದು ಗುಂಡಿ ತೆಗೆದು ಪಾಯದ ಅಗಲ, ಆಳ, ಮಣ್ಣು ನೋಡಲೇಬೇಕು. ನೋಡದೆ "ಪಾಯ ಗಟ್ಟಿಯಾಗಿದೆ ಬಿಡಿ" ಅನ್ನುವವರ ಮಾತು ನಂಬಬೇಡಿ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಲಸ ಶುರುವಾದ ಮೇಲೆ "ಇನ್ನೊಂಚೂರು ಅಗಲ ಮಾಡೋಣ" ಅನ್ನಿಸುವುದು ಸಹಜ. 10 ಅಡಿಯನ್ನು 15 ಮಾಡಿದರೆ ಬೀಮನ್ನು ಬಾಗಿಸುವ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಆಗುತ್ತದೆ. ಅದೇ ಬೀಮ್ ಇಟ್ಟರೆ ಅದು ಬಗ್ಗುವುದು ಐದು ಪಟ್ಟು ಜಾಸ್ತಿ. ಬೀಮ್ ಮುರಿಯದಿದ್ದರೂ ಬಗ್ಗಿದರೆ ಸಾಕು, ಮೇಲಿನ ಮಹಡಿಯ ಗೋಡೆ ಬಿರುಕು ಬಿಡುತ್ತದೆ. ಬಿರುಕು ಬಿಡಬಾರದ ಕಡೆ ಸಾಮಾನ್ಯವಾಗಿ ಉದ್ದದ 360ನೇ ಒಂದು ಭಾಗದ ಆಸುಪಾಸಿನಲ್ಲಿ ಮಿತಿ ಇಡುತ್ತಾರೆ. 10 ಅಡಿಗೆ ಅದು ಸುಮಾರು 8 ಮಿಲಿಮೀಟರ್. ಮೇಲೆ ಇಟ್ಟಿಗೆ ಗೋಡೆ ನಿಂತಿದ್ದರೆ ಎಂಜಿನಿಯರ್ ಇದಕ್ಕಿಂತ ಬಿಗಿ ಮಿತಿ ಕೇಳಿದರೂ ಆಶ್ಚರ್ಯವಿಲ್ಲ. ಎಷ್ಟೋ ಸಲ ಬೀಮಿನ ಗಾತ್ರ ನಿರ್ಧಾರವಾಗುವುದು ಶಕ್ತಿಯಿಂದಲ್ಲ, ಈ ಬಗ್ಗುವಿಕೆಯಿಂದ.

ಕೊನೆಗೆ, ಗೋಡೆ ಬರೀ ಮೇಲಿನ ಭಾರ ಹೊರುವುದಿಲ್ಲ. ಗಾಳಿ ಬೀಸಿದಾಗ, ಭೂಮಿ ನಡುಗಿದಾಗ ಮನೆ ಪಕ್ಕಕ್ಕೆ ವಾಲದಂತೆ ಹಿಡಿಯುವುದೂ ಅದೇ. ಹೊರಗಿನ ಉದ್ದನೆ ಗೋಡೆಗೆ ಒಳಗಿನಿಂದ ಆಸರೆ ಕೊಡುವುದೂ ಅದೇ. ಕೆಳಮಹಡಿಯಲ್ಲಿ ಗೋಡೆಗಳನ್ನೆಲ್ಲ ತೆಗೆದು ಮೇಲ್ಮಹಡಿಯಲ್ಲಿ ಹಾಗೇ ಉಳಿಸಿದ ಮನೆ ಭೂಕಂಪದಲ್ಲಿ ಕೆಳಗಿನಿಂದಲೇ ಕುಸಿಯುತ್ತದೆ. ಆದ್ದರಿಂದ ಹೊರಗೋಡೆಗೆ ಸೇರುವ ಕಡೆ ಗೋಡೆಯನ್ನು ಪೂರ್ತಿ ಕಿತ್ತುಹಾಕದೆ ಒಂದಷ್ಟು ಉಳಿಸಬೇಕು. ಉಳಿಸಲು ಜಾಗವೇ ಇಲ್ಲ ಅಂದರೆ ಬರೀ ಬೀಮ್ ಸಾಲದು. ಎರಡು ಕಂಬ, ಮೇಲೊಂದು ಬೀಮ್ ಸೇರಿಸಿ ಬಿಗಿದ ಸ್ಟೀಲ್ ಚೌಕಟ್ಟು ಬೇಕಾಗಬಹುದು. ಎಷ್ಟು ಉಳಿಸಬೇಕು ಅನ್ನುವುದೂ ಲೆಕ್ಕದ ಮಾತೇ.

ಪ್ರಶ್ನೆ: ನಮ್ಮ ಎಂಜಿನಿಯರ್ ಬೀಮಿನ ಡ್ರಾಯಿಂಗ್ ಕೊಟ್ಟಿದ್ದಾರೆ. ಆದರೆ ಕೆಲಸದವರು "ನಾಲ್ಕು ಜಾಕಿ ಕೊಟ್ಟು ಒಂದೇ ದಿನದಲ್ಲಿ ಗೋಡೆ ಒಡೆದು ಬೀಮ್ ಏರಿಸ್ತೀವಿ" ಅಂತಿದ್ದಾರೆ. ಡ್ರಾಯಿಂಗಿನಲ್ಲಿ ಜಾಕಿ ಬಗ್ಗೆ ಏನೂ ಇಲ್ಲ. ಪರವಾಗಿಲ್ವಾ?

ಉತ್ತರ: ಪರವಾಗಿಲ್ಲ ಅನ್ನಲು ಆಗುವುದಿಲ್ಲ. ಕೆಲಸ ನಿಲ್ಲಿಸಿ, ಎಂಜಿನಿಯರ್ ಹತ್ತಿರ ಜಾಕಿಯ, ಅಂದರೆ ಸ್ಲ್ಯಾಬಿಗೆ ತಾತ್ಕಾಲಿಕ ಆಸರೆಯಾಗಿ ನಿಲ್ಲಿಸುವ ಸ್ಟೀಲ್ ಕೊಳವೆಯ, ಡ್ರಾಯಿಂಗನ್ನೂ ಬರೆಸಿಕೊಳ್ಳಿ. ಬೀಮ್ ಇಲ್ಲದೆ, ಗೋಡೆಯೂ ಇಲ್ಲದೆ ಮನೆ ನಿಂತಿರುವ ಆ ಕೆಲವು ಗಂಟೆಗಳೇ ಇಡೀ ಕೆಲಸದಲ್ಲಿ ಅತಿ ಅಪಾಯದ ಹೊತ್ತು. ಆ ಹೊತ್ತಿಗೂ ಬೀಮಿನಷ್ಟೇ ಗಂಭೀರವಾದ ಲೆಕ್ಕ ಬೇಕು.

ಮೇಲಿನ ಉತ್ತರದ 17 ಟನ್ನನ್ನೇ ತೆಗೆದುಕೊಳ್ಳಿ. ನಾಲ್ಕು ಜಾಕಿ ಅಂದರೆ ಒಂದೊಂದಕ್ಕೆ ನಾಲ್ಕು ಟನ್ನಿನ ಮೇಲೆ. ಕೋಣೆಯ ಎತ್ತರಕ್ಕೆ ಎಳೆದು ನಿಲ್ಲಿಸಿದ ಮಾಮೂಲಿ ಸ್ಟೀಲ್ ಜಾಕಿಗೆ ಒಂದೂವರೆ, ಎರಡು ಟನ್ನಿಗಿಂತ ಹೆಚ್ಚು ಹಿಡಿಯುವುದು ಸಾಮಾನ್ಯವಾಗಿ ಸುರಕ್ಷಿತವಲ್ಲ. ತೆಳ್ಳನೆ ಕೊಳವೆ ಎಷ್ಟು ಉದ್ದವೋ ಅಷ್ಟು ಬೇಗ ಬಳುಕುತ್ತದೆ. ಉದ್ದ ಎರಡರಷ್ಟಾದರೆ ಬಳುಕದೆ ಹೊರುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಸ್ವಲ್ಪ ಓರೆಯಾಗಿ ನಿಲ್ಲಿಸಿದರೆ ಇನ್ನೂ ಕಡಿಮೆ. ಇಂಥ ಭಾರ ಇದ್ದರೆ ಹತ್ತು ಹನ್ನೆರಡು ಜಾಕಿ ಬೇಕಾಗಬಹುದು, ಅವುಗಳ ನಡುವಿನ ಅಂತರ, ಅಡಿಯ ಹಲಗೆ ಎಲ್ಲವೂ ಕಾಗದದ ಮೇಲೆ ಬರಬೇಕು. ಸೈಟಿನಲ್ಲಿ ನೀವೇ ಒಂದು ವಿಷಯ ನೋಡಬಹುದು: ಜಾಕಿಯ ತೂತಿನಲ್ಲಿ ಅದಕ್ಕೆಂದೇ ಮಾಡಿದ ದಪ್ಪ ಪಿನ್ ಇದೆಯಾ? ಪಿನ್ ಕಳೆದುಹೋಗಿ ಕಂಬಿ ತುಂಡು ತೂರಿಸಿರುವುದು ತೀರಾ ಸಾಮಾನ್ಯ. ಇಡೀ ಜಾಕಿಯ ಭಾರ ನಿಂತಿರುವುದು ಆ ಒಂದು ಪಿನ್ ಮೇಲೆ, ಕಂಬಿ ತುಂಡು ಕಂಡರೆ ಬದಲಾಯಿಸಿ ಅಂತ ಕಡ್ಡಾಯವಾಗಿ ಹೇಳಿ.

ಜಾಕಿ ಎಲ್ಲಿ ನಿಲ್ಲುತ್ತದೆ ಅನ್ನುವುದೂ ಮುಖ್ಯ. ಟೈಲ್ಸ್ ಮೇಲೆ ನೇರ ನಿಲ್ಲಿಸಿದರೆ ಕೆಳಗಿನ ಮಣ್ಣು ಕುಸಿದು ಜಾಕಿ ಸಡಿಲ ಆಗುತ್ತದೆ, ಹಾಗಾಗಿ ಅಡಿಗೆ ದಪ್ಪ ಮರದ ಹಲಗೆ ಉದ್ದಕ್ಕೂ ಹಾಕಬೇಕು. ಮೇಲಿನ ಮಹಡಿಯಲ್ಲಿ ಗೋಡೆ ತೆಗೆಯುವುದಾದರೆ ಜಾಕಿ ನಿಲ್ಲುವುದು ಇನ್ನೊಂದು ಸ್ಲ್ಯಾಬಿನ ಮೇಲೆ, ಅದಕ್ಕೆ ಆ ಭಾರ ಹೊರುವ ಶಕ್ತಿ ಇರಲಿಕ್ಕಿಲ್ಲ. ಆಗ ಅದರ ಕೆಳಗೂ ಜಾಕಿ, ಹೀಗೆ ಗಟ್ಟಿ ನೆಲ ಸಿಗುವವರೆಗೆ ಒಂದರ ಕೆಳಗೊಂದು ಕೊಡುತ್ತಾ ಹೋಗಬೇಕು.

ಇನ್ನೊಂದು ಸೂಕ್ಷ್ಮ ಇದೆ. ಗೋಡೆಯ ಎರಡು ಪಕ್ಕ ಸ್ಲ್ಯಾಬಿಗೆ ಜಾಕಿ ಕೊಟ್ಟಿದ್ದೀರಿ ಸರಿ, ಆದರೆ ಮೇಲಿನ ಮಹಡಿಯ ಗೋಡೆ ನಿಂತಿರುವುದು ಆ ಎರಡು ಸಾಲುಗಳ ನಟ್ಟನಡುವೆ. ಅದರ ಭಾರವನ್ನೆಲ್ಲ ಆ ಹೊತ್ತಿನಲ್ಲಿ ಸ್ಲ್ಯಾಬ್ ಹೊರಬೇಕು, ಅದೂ ಹಾಗೆ ಹೊರಲಿಕ್ಕೆ ಅಂತ ಕಂಬಿ ಕಟ್ಟಿರದ ಜಾಗದಲ್ಲಿ. ಸ್ಲ್ಯಾಬಿನಲ್ಲಿ ಗೋಡೆಯ ನೆತ್ತಿ ಮೇಲೆ ಕಂಬಿ ಮೇಲ್ಭಾಗದಲ್ಲಿರುತ್ತದೆ, ಕೋಣೆಯ ನಡುವೆ ತಳಭಾಗದಲ್ಲಿರುತ್ತದೆ. ಆಸರೆಯ ಜಾಗ ಬದಲಾಯಿತು ಅಂದರೆ ಎಳೆತ ಬೀಳುವ ಕಡೆ ಕಂಬಿಯೇ ಇಲ್ಲದೆ ಹೋಗಬಹುದು. ಹಾಗಾಗಿ ಕೆಲವು ಕಡೆ ಮೇಲಿನ ಗೋಡೆಗೇ ತೂತು ಕೊರೆದು, ಸ್ಟೀಲ್ ತೊಲೆಗಳನ್ನು ಅಡ್ಡಲಾಗಿ ತೂರಿಸಿ, ಅವುಗಳ ಎರಡೂ ತುದಿಗೆ ಆಸರೆ ಕೊಡಬೇಕಾಗುತ್ತದೆ. ನಿಮ್ಮ ಮನೆಗೆ ಯಾವುದು ಅನ್ನುವುದನ್ನು ಎಂಜಿನಿಯರ್ ಸ್ಥಳ ನೋಡಿಯೇ ಹೇಳಬೇಕು.

ಒಡೆಯುವಾಗ ಮೇಲಿನಿಂದ ಕೆಳಕ್ಕೆ ಬನ್ನಿ. ದೊಡ್ಡ ಸುತ್ತಿಗೆಯಿಂದ ಬಡಿಯುವ ಬದಲು ಕಟಿಂಗ್ ಮೆಷಿನ್‌ನಲ್ಲಿ ಗೆರೆ ಕೊಯ್ದು ಇಟ್ಟಿಗೆ ಬಿಡಿಸಿದರೆ ಅಕ್ಕಪಕ್ಕದ ಗೋಡೆ ಅಲ್ಲಾಡುವುದಿಲ್ಲ. ಅದಕ್ಕೂ ಮುಂಚೆ ಗೋಡೆಯೊಳಗಿನ ವಿದ್ಯುತ್ ವೈರ್, ನೀರಿನ ಪೈಪ್, ಗ್ಯಾಸ್ ಪೈಪ್ ಪತ್ತೆ ಮಾಡಿ ಬಂದ್ ಮಾಡಿರಬೇಕು.

ಬೀಮ್ ಕೂರಿಸಿದ ತಕ್ಷಣ ಜಾಕಿ ಬಿಚ್ಚುವುದನ್ನು ನೋಡಿದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಬೀಮಿಗೂ ಅದರ ಮೇಲಿನ ಸ್ಲ್ಯಾಬಿಗೂ ನಡುವೆ ಒಂದು ಬೆರಳಿನಷ್ಟು ಸಂದು ಉಳಿದಿರುತ್ತದೆ. ಅದನ್ನು ತುಂಬದೆ ಜಾಕಿ ಬಿಟ್ಟರೆ ಇಡೀ ಮೇಲಿನ ಮಹಡಿ ಆ ಒಂದು ಬೆರಳಷ್ಟು ಕೆಳಗಿಳಿದು ಬೀಮಿನ ಮೇಲೆ ಕೂರುತ್ತದೆ. ಬಿರುಕು ಅಲ್ಲಿಂದಲೇ ಶುರು. ಆ ಸಂದಿಗೆ ಸ್ಟೀಲ್ ಬೆಣೆ ಬಿಗಿದು, ಒಣಗಿದಾಗ ಕುಗ್ಗದ ಗ್ರೌಟ್ ಅಥವಾ ಗಟ್ಟಿ ಸಿಮೆಂಟ್ ಗಾರೆ ತುಂಬಬೇಕು. ಗಾರೆ ಎಷ್ಟು ಗಟ್ಟಿ ಅಂದರೆ ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಅದನ್ನು ಮರದ ತುಂಡಿನಿಂದ ಬಡಿದು ಬಡಿದು ಒಳಗೆ ತುರುಕಬೇಕು. ಸುಮ್ನೆ ಹೊರಗಿನಿಂದ ಕರಣೆಯಲ್ಲಿ ಮೆತ್ತಿದರೆ ನೋಡಲು ಮುಚ್ಚಿದ ಹಾಗೆ ಕಾಣುತ್ತದೆ, ಒಳಗೆ ಪೊಳ್ಳು. ಅದು ಗಟ್ಟಿಯಾದ ಮೇಲೆ, ಎಂಜಿನಿಯರ್ ಬಂದು ನೋಡಿದ ಮೇಲೆ, ಒಂದೊಂದೇ ಜಾಕಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಸ್ಟೀಲ್ ಬದಲು ಕಾಂಕ್ರೀಟ್ ಬೀಮ್ ಹಾಕಿದರೆ ಕಾಯುವುದು ಇನ್ನೂ ಜಾಸ್ತಿ, ಕಾಂಕ್ರೀಟಿನ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯುವುದೇ 28ನೇ ದಿನದ್ದು. ಒಂದೇ ದಿನದಲ್ಲಿ ಮುಗಿಯುವ ಕೆಲಸ ಇದಲ್ಲ.

ಪ್ರಶ್ನೆ: ಪೂರ್ತಿ ಗೋಡೆ ಬೇಡ, ಕೆಳಗಿನ ಅರ್ಧ ಮಾತ್ರ ತೆಗೆದು ಮೇಲಿನ ಅರ್ಧ ಹಾಗೇ ಬಿಟ್ಟರೆ ಬೀಮ್ ಬೇಕಾ?

ಉತ್ತರ: ಬೇಕು. ಮೇಲಿನ ಅರ್ಧಕ್ಕೆ ಕೆಳಗೆ ಏನಿದೆ? ಇಟ್ಟಿಗೆ ಗೋಡೆ ಸಣ್ಣ ಕಿಂಡಿಯ ಮೇಲೆ ಕಮಾನಿನ ಹಾಗೆ ತಾನೇ ನಿಲ್ಲಬಹುದು, ಅದಕ್ಕೂ ಎರಡೂ ಪಕ್ಕ ಸಾಕಷ್ಟು ಅಗಲದ ಗೋಡೆ ಇರಬೇಕು, ಮೇಲೆ ಬೇರೆ ಕಿಟಕಿ ಬಾಗಿಲು ಇರಬಾರದು. ಅದನ್ನು ನಂಬಿ ಯಾರೂ ಮನೆ ನಿಲ್ಲಿಸುವುದಿಲ್ಲ. ಒಂದು ಬಾಗಿಲಿನಷ್ಟು ತೆಗೆದರೂ ಲಿಂಟಲ್, ಅಂದರೆ ಮೇಲೊಂದು ಸಣ್ಣ ಬೀಮ್, ಬೇಕೇ ಬೇಕು.

ಪ್ರಶ್ನೆ: ನಾವಿರುವುದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿ. ಪಿಲ್ಲರ್, ಬೀಮ್ ಇರುವ ಕಟ್ಟಡ. ಒಳಾಂಗಣ ವಿನ್ಯಾಸ ಮಾಡುವವರು "ಇದು 4 ಇಂಚಿನ ಗೋಡೆ, ತಟ್ಟಿದರೆ ಪೊಳ್ಳು ಶಬ್ದ ಬರುತ್ತೆ, ಧೈರ್ಯವಾಗಿ ತೆಗೀರಿ" ಅಂತಾರೆ. ತೆಗೆಯಬಹುದಾ ಸರ್?

ಉತ್ತರ: ತೆಗೆಯಬಹುದೇನೋ, ಆದರೆ ಅವರು ಕೊಟ್ಟ ಎರಡು ಕಾರಣವೂ ಸಾಲದು. ತೆಳ್ಳಗಿದ್ದ ಮಾತ್ರಕ್ಕೆ ಗೋಡೆ ಭಾರ ಹೊರುತ್ತಿಲ್ಲ ಅಂತಲ್ಲ. ತಟ್ಟಿ ಕೇಳುವ ಶಬ್ದ ಪ್ಲಾಸ್ಟರಿನ ಬಗ್ಗೆ ಹೇಳುತ್ತದೆ, ಭಾರದ ಬಗ್ಗೆ ಅಲ್ಲ.

ಪಿಲ್ಲರ್ ಬೀಮ್ ಕಟ್ಟಡದಲ್ಲಿ ಭಾರ ಹೊರುವುದು ಚೌಕಟ್ಟು, ನಡುವಿನ ಗೋಡೆ ಬರೀ ತುಂಬಿದ್ದು. ಇದು ನಿಜ. ಆದರೆ ಕೆಲವು ಕಟ್ಟಡಗಳಲ್ಲಿ ಕೆಲವು ಗೋಡೆಗಳನ್ನು ಇಡಿಯಾಗಿ ಕಾಂಕ್ರೀಟಿನಲ್ಲೇ ಎರೆದಿರುತ್ತಾರೆ, ಪಕ್ಕಕ್ಕೆ ಬೀಳುವ ಭಾರವನ್ನು ಅವೇ ತಡೆಯುತ್ತವೆ. ಅಲ್ಯೂಮಿನಿಯಂ ಅಚ್ಚಿನಲ್ಲಿ ಎರೆದ ಹೊಸ ಕಟ್ಟಡಗಳಲ್ಲಂತೂ ಎಷ್ಟೋ ಸಲ ಪಿಲ್ಲರೇ ಇರುವುದಿಲ್ಲ, ಹೆಚ್ಚಿನ ಗೋಡೆಗಳೇ ಪಿಲ್ಲರಿನ ಕೆಲಸ ಮಾಡುತ್ತಿರುತ್ತವೆ. ಅಂಥ ಗೋಡೆಯಲ್ಲಿ ಒಂದು ಕಿಟಕಿಯಷ್ಟು ಕೊಯ್ಯುವುದೂ ತಪ್ಪು. ಕಟ್ಟಡದ ಮೂಲ ಸ್ಟ್ರಕ್ಚರಲ್ ಡ್ರಾಯಿಂಗ್ ತರಿಸಿ ನೋಡುವುದೇ ಸರಿಯಾದ ದಾರಿ. ಸಿಗದಿದ್ದರೆ ಕಂಬಿ ಪತ್ತೆ ಮಾಡುವ ಸ್ಕ್ಯಾನರ್ ಹಿಡಿದು ನೋಡಬಹುದು, ಒಂದೆರಡು ಕಡೆ ಪ್ಲಾಸ್ಟರ್ ಕೆರೆದು ಒಳಗೆ ಇಟ್ಟಿಗೆಯೋ ಕಾಂಕ್ರೀಟೋ ಅಂತ ಖಚಿತ ಮಾಡಿಕೊಳ್ಳಬಹುದು.

ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಗೋಡೆ ನಿಮ್ಮೊಬ್ಬರದ್ದಲ್ಲ. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡದಲ್ಲಿ 18ನೇ ಮಹಡಿಯ ಒಂದು ಮನೆಯಲ್ಲಿ ಗ್ಯಾಸ್ ಸ್ಫೋಟವಾಯಿತು. ಮೂಲೆಯ ಭಾರ ಹೊರುವ ಗೋಡೆಯ ಹಲಗೆಗಳು ಹೊರಕ್ಕೆ ಹಾರಿದವು. ಆಸರೆ ಹೋದದ್ದೇ ತಡ, ಅದರ ಮೇಲಿನ ಮಹಡಿಗಳ ಮೂಲೆ ಕುಸಿಯಿತು, ಆ ಹೊಡೆತಕ್ಕೆ ಕೆಳಗಿನವೂ ಒಂದಾದಮೇಲೊಂದು ಕುಸಿದವು. ನಾಲ್ಕು ಜನ ಸತ್ತರು. ಒಂದು ಮನೆಯ ಗೋಡೆ ಹೋದರೆ ಇಡೀ ಮೂಲೆ ಕುಸಿಯುವ ಹಾಗೆ ಕಟ್ಟಬಾರದು ಅಂತ ಅಲ್ಲಿನ ಕಟ್ಟಡ ನಿಯಮ ಬದಲಾದದ್ದು ಆಮೇಲೆ. ನಿಮ್ಮ ಗೋಡೆಗೂ ಅದಕ್ಕೂ ಸಂಬಂಧ ಇಲ್ಲದಿರಬಹುದು. ಆದರೂ ನಿಮ್ಮ ಮೇಲೆ, ಕೆಳಗೆ ಮಕ್ಕಳು ಮಲಗುವ ಮನೆಗಳಿವೆ ಅಲ್ವಾ? ಸಂಘದ ಒಪ್ಪಿಗೆ, ಸ್ಥಳೀಯ ಆಡಳಿತದ ಅನುಮತಿ, ಎಂಜಿನಿಯರ್ ಸಹಿ ಇಷ್ಟೂ ಇಲ್ಲದೆ ಮುಟ್ಟಬೇಡಿ.

ಪ್ರಶ್ನೆ: ನಾವು ಈಚೆಗೆ ಕೊಂಡ ಮನೆಯಲ್ಲಿ ಹಿಂದಿನವರು ನಡುಗೋಡೆ ತೆಗೆಸಿದ್ದಾರೆ. ಬೀಮ್ ಕಾಣುವುದಿಲ್ಲ, ಮೇಲೆ ಫಾಲ್ಸ್ ಸೀಲಿಂಗ್ ಇದೆ. ಈಗ ಮೇಲಿನ ರೂಮಿನ ಬಾಗಿಲು ಹಾಕಲು ಬಿಗಿಯಾಗುತ್ತಿದೆ, ಮೂಲೆಯಲ್ಲಿ ಓರೆ ಬಿರುಕು ಬಂದಿದೆ. ಪುಟ್ಟಿ ಹಚ್ಚಿಸಿದೆವು, ಮತ್ತೆ ಬಂತು. ತುಂಬಾ ಹೆದರಿಕೆ ಆಗಿದೆ.

ಉತ್ತರ: ಹೆದರಿಕೆ ಆಗಿದ್ದು ಒಳ್ಳೆಯದಾಯಿತು, ಇದನ್ನು ಮುಂದೂಡಬೇಡಿ. ಬಾಗಿಲು ಬಿಗಿಯಾಗುವುದು, ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಏಳುವುದು, ಪುಟ್ಟಿ ಹಚ್ಚಿದರೂ ಮತ್ತೆ ತೆರೆಯುವುದು, ಈ ಮೂರೂ ಸೇರಿದರೆ ಮೇಲಿನ ಗೋಡೆ ಇನ್ನೂ ಇಳಿಯುತ್ತಿದೆ ಎಂದೇ ಅನುಮಾನಿಸಬೇಕು.

ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಇವತ್ತೇ ಫೋನ್ ಮಾಡಿ. ಅವರು ಬರುವವರೆಗೆ ಮೇಲಿನ ರೂಮಿನಲ್ಲಿರುವ ಭಾರದ ಸಾಮಾನು, ತುಂಬಿದ ಬೀರು, ಪುಸ್ತಕದ ಕಪಾಟು ಬೇರೆ ಕಡೆಗೆ ಸಾಗಿಸಿ. ಆ ರೂಮಿನಲ್ಲೂ ಅದರ ಕೆಳಗೂ ಮಲಗಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ, ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಡಿ, ಉದ್ದವೋ ಅಗಲವೋ ಹೆಚ್ಚಾದರೆ ಅವರಿಗೆ ಅದು ದೊಡ್ಡ ಸುಳಿವು. ಫಾಲ್ಸ್ ಸೀಲಿಂಗಿನ ಒಂದು ಹಲಗೆ ಬಿಚ್ಚಿಸಿ ಒಳಗೆ ಬೀಮ್ ಇದೆಯಾ, ಇದ್ದರೆ ತುದಿ ಯಾವುದರ ಮೇಲೆ ಕೂತಿದೆ ಅಂತ ಅವರೇ ನೋಡಲಿ. ಬಿರುಕು ಗಂಟೆಗಳಲ್ಲೇ ಹೆಚ್ಚುತ್ತಿದ್ದರೆ, ಚಟಚಟ ಶಬ್ದ ಬಂದರೆ, ಪ್ಲಾಸ್ಟರ್ ಉದುರತೊಡಗಿದರೆ ಯಾರಿಗೂ ಕಾಯದೆ ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬನ್ನಿ.

ಸಮಾಧಾನದ ಮಾತೂ ಇದೆ. ಹೀಗೆ ಇಳಿದ ಮನೆಗೆ ಆಸರೆ ಕೊಟ್ಟು ಆಮೇಲೆ ಬೀಮ್ ಕೂರಿಸಲು ಬಹಳ ಕಡೆ ಸಾಧ್ಯವಾಗುತ್ತದೆ. ಇಳಿದದ್ದನ್ನು ಪೂರ್ತಿ ಮೇಲಕ್ಕೆ ಎತ್ತಲು ಹೋಗಬಾರದು, ಎತ್ತುವ ರಭಸಕ್ಕೇ ಹೊಸ ಬಿರುಕು ಬರುತ್ತದೆ. ಇದ್ದಲ್ಲೇ ಹಿಡಿದು ನಿಲ್ಲಿಸುವುದು ಜಾಣತನ.

ಪ್ರಶ್ನೆ: ಎಂಜಿನಿಯರ್‌ಗೆ ದುಡ್ಡು ಕೊಟ್ಟರೆ ನಮಗೆ ಏನೇನು ಕಾಗದ ಸಿಗಬೇಕು? ವಾಸ್ತುಶಿಲ್ಪಿ ಕೊಟ್ಟ ನಕ್ಷೆ ಸಾಲದಾ?

ಉತ್ತರ: ವಾಸ್ತುಶಿಲ್ಪಿಯ ನಕ್ಷೆ ಜಾಗ ಹೇಗೆ ಕಾಣುತ್ತದೆ ಅಂತ ಹೇಳುತ್ತದೆ, ಭಾರದ ಲೆಕ್ಕಕ್ಕೆ ಸ್ಟ್ರಕ್ಚರಲ್ ಎಂಜಿನಿಯರೇ ಬೇಕು, ಅದೂ ಮನೆಗೆ ಬಂದು ನೋಡಿದವರು. ಫೋಟೊ ನೋಡಿ ಫೋನಿನಲ್ಲೇ ಬೀಮಿನ ಗಾತ್ರ ಹೇಳುವವರು ಬೇಡ. ಅವರಿಂದ ಭಾರದ ಲೆಕ್ಕ, ಬೀಮ್ ಮತ್ತು ಅದರ ತುದಿಗಳ ಡ್ರಾಯಿಂಗ್, ಪಾಯದ ಬಗ್ಗೆ ಅಭಿಪ್ರಾಯ, ಜಾಕಿ ಕೊಡುವ ಕ್ರಮ ಇಷ್ಟನ್ನೂ ಸಹಿ ಹಾಕಿಸಿ ಪಡೆಯಿರಿ. ಸ್ಟೀಲ್ ಬೀಮ್ ಆದರೆ ತುಕ್ಕು ತಡೆಯುವ ಬಣ್ಣ, ಬೆಂಕಿಯಿಂದ ರಕ್ಷಣೆ ಎರಡರ ವಿವರವೂ ಇರಲಿ. ಸ್ಟೀಲ್ ಉರಿಯುವುದಿಲ್ಲ ನಿಜ, ಆದರೆ 550ರಿಂದ 600 ಡಿಗ್ರಿ ಸೆಲ್ಸಿಯಸ್ ಕಾವಿಗೆ ಅದರ ಶಕ್ತಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಬೆಂಕಿ ತಡೆಯುವ ಹಲಗೆ ಹೊದಿಸಬೇಕು, ಇಲ್ಲವೇ ಕಾವಿಗೆ ಉಬ್ಬಿ ರಕ್ಷಣೆ ಕೊಡುವ ಬಣ್ಣ ಬಳಿಯಬೇಕು.

ಎಂಜಿನಿಯರ್ ಸೈಟಿಗೆ ಯಾವಾಗ ಯಾವಾಗ ಬರಬೇಕು ಅನ್ನುವುದನ್ನೂ ಮೊದಲೇ ಬರೆಸಿಕೊಳ್ಳಿ. ಜಾಕಿ ಕೊಟ್ಟ ಮೇಲೆ ಒಡೆಯುವ ಮುಂಚೆ ಒಮ್ಮೆ, ಬೀಮ್ ಕೂರಿಸಿ ಸಂದು ತುಂಬಿದ ಮೇಲೆ ಜಾಕಿ ಬಿಚ್ಚುವ ಮುಂಚೆ ಇನ್ನೊಮ್ಮೆ. ಈ ಎರಡು ಭೇಟಿಗೆ ಪ್ರತ್ಯೇಕ ದುಡ್ಡು ಕೇಳಿದರೂ ಕೊಡಿ. ಬೀಮಿನ ಮೇಲೆ ಪ್ಲಾಸ್ಟರ್ ಮುಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೊ ತೆಗೆದು ಡ್ರಾಯಿಂಗ್ ಜೊತೆ ಇಟ್ಟುಕೊಳ್ಳಿ, ನಾಳೆ ಆ ಮನೆ ಕೊಳ್ಳುವವರಿಗೆ ಸೀಲಿಂಗ್ ಬಿಚ್ಚಿ ನೋಡುವ ಕಷ್ಟ ಬರುವುದಿಲ್ಲ.